ಆಂ ಅಂದ ಮೇಲ್ಮನೆ

ಬಾವಲಿ ಹಿಕ್ಕೆ, ನೆನೆದ ಸೀಮೆಸುಣ್ಣ, ತುಕ್ಕು ಹಿಡಿದ ತಗಡು. ಈ ಮೂರೂ ಸೇರಿದ ವಾಸನೆಯನ್ನು ಯಾರಾದರೂ ಸೀಸೆಗೆ ತುಂಬಿ ಮಾರಲಿಕ್ಕಿಟ್ಟರೆ ನಾನಂತೂ ಕೊಳ್ಳುವವನಲ್ಲ. ಆದರೆ ಆ ಅಂಗಡಿಯ ಮುಂದಿನಿಂದ ಕಾಲು ಕಿತ್ತುಕೊಂಡು ಬರಲಿಕ್ಕೂ ನನ್ನಿಂದಾಗದು.

ಮೊನ್ನೆ ಅಂಥದೇ ಆಯಿತು. ನನ್ನ ಪ್ಲಸ್ ಟೂ ಅಂಕಪಟ್ಟಿಯನ್ನು ಇಲಿ ತಿಂದಿತ್ತು. ಅದರಲ್ಲಿ ಇಲಿಯ ಹೊಟ್ಟೆ ತುಂಬುವಷ್ಟು ಅಂಕಗಳೇನೂ ಇರಲಿಲ್ಲ, ಪಾಪ. ನಕಲು ಪ್ರತಿ ಕೇಳಿಕೊಂಡು, ಗಡಿಯಾಚೆ ತಮಿಳುನಾಡಿಗೆ ಸೇರಿದ ತಾಳವಾಡಿಯ ನನ್ನ ಹಳೆಯ ಶಾಲೆಗೆ ಹೋದರೆ ಗುಮಾಸ್ತರು ಊಟಕ್ಕೆ ಎದ್ದಿದ್ದರು. ಕಾಯುತ್ತ ಕೂತವನ ಕಾಲು ಸುಮ್ಮನಿರಬೇಕಲ್ಲ. ಹಿಂದಿನ ಕಟ್ಟಡದ ಮೆಟ್ಟಿಲು ಹತ್ತಿ, ತಾರಸಿಯ ಮೇಲಿನ ತಗಡಿನ ಕೋಣೆಯ ಮುಂದೆ ನನ್ನನ್ನು ನಿಲ್ಲಿಸಿತು. ಬಾಗಿಲಿಗೆ ಬೀಗವಿಲ್ಲ, ತಂತಿ ಸುತ್ತಿದ್ದರು. ಒಳಗೆ ಮುರಿದ ಬೆಂಚುಗಳನ್ನು ಸೂರು ಮುಟ್ಟುವಂತೆ ಒಟ್ಟಿದ್ದರು. ಸಂದಿಯಿಂದ ಆ ವಾಸನೆ ಬಂತು. ಬಂದದ್ದೇ, ನನ್ನ ಹದಿನೇಳನೆಯ ವರ್ಷದ ಮಳೆಗಾಲವನ್ನು ಕತ್ತಿನ ಪಟ್ಟಿ ಹಿಡಿದು ಎಳೆದುಕೊಂಡು ಬಂತು.

ಅದು ನಮ್ಮ ಮೇಲ್ಮನೆ. ತಮಾಷೆಗೆ ಹೇಳುತ್ತಿಲ್ಲ. ಒಂದು ದೇಶದ ಸಂಸತ್ತಿನ ಮೇಲ್ಮನೆ ಅದು. ದೇಶವೊಂದು ಇರಲಿಲ್ಲ, ಅಷ್ಟೆ.

ಮೊದಲು ನನ್ನ ವಿಚಾರ ಹೇಳಿ ಮುಗಿಸುತ್ತೇನೆ. ಹೆಸರು ನಂಜುಂಡ. ಆ ಹೆಸರು ನನ್ನ ಅಮ್ಮನಿಗೂ ಅಂಕಪಟ್ಟಿಗೂ ಮಾತ್ರ ಗೊತ್ತು, ಈಗ ಇಲಿಗೂ. ಊರಿಗೆಲ್ಲ ನಾನು ಗಿಳಿ ನಂಜ. ದೇವರು ನನಗೊಂದು ಸ್ವಂತ ದನಿ ಕೊಡುವುದನ್ನು ಮರೆತು, ಊರವರ ದನಿಗಳನ್ನೆಲ್ಲ ಗಂಟಲಿಗೆ ತುರುಕಿ ಕಳಿಸಿಬಿಟ್ಟ. ಕಂಡಕ್ಟರು, ಪೂಜಾರಿ, ಕೆಟ್ಟ ಪಂಪ್‌ಸೆಟ್ಟು, ಸಿಟ್ಟು ಬಂದ ನಮ್ಮಪ್ಪ, ಯಾರು ಬೇಕಾದರೂ ಬರುತ್ತಾರೆ. ಚಾಮರಾಜನಗರದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ. ಮದುವೆ, ನಾಮಕರಣಗಳಲ್ಲಿ ಊಟಕ್ಕೆ ಮೊದಲು ಅರ್ಧ ಗಂಟೆ ಮಿಮಿಕ್ರಿ. ಊಟಕ್ಕೆ ಮೊದಲೇ ಯಾಕೆಂದರೆ, ಊಟವಾದ ಮೇಲೆ ಯಾರೂ ಕೂರುವುದಿಲ್ಲ.

ಆ ವರ್ಷ ನಮ್ಮ ಶಾಲೆಯ ಪ್ಲಸ್ ಟೂ ಕನ್ನಡ ಮಾಧ್ಯಮದಲ್ಲಿ ನಾವು ಹನ್ನೊಂದು ಮಂದಿ. ನಮ್ಮ ಹಿಂದಿನ ಪ್ಲಸ್ ಒನ್ನಿನಲ್ಲಿ ನಾಲ್ವರು. ಕೆಳಗಿನ ಕೋಣೆಗಳೆಲ್ಲ ತಮಿಳು ಮಾಧ್ಯಮದ ದೊಡ್ಡ ತರಗತಿಗಳಿಗೆ ಸಾಲದೆ ಬಂದುದರಿಂದ ಈ ಹದಿನೈದು ತಲೆಗಳನ್ನು ಒಟ್ಟಿಗೆ ತಾರಸಿಯ ತಗಡಿನ ಕೋಣೆಗೆ ಏರಿಸಿದ್ದರು. ಜೂನ್ ಕಳೆಯಿತು, ಜುಲೈ ಕಳೆಯಿತು, ನಮ್ಮ ರಾಜ್ಯಶಾಸ್ತ್ರದ ಪುಸ್ತಕ ಮಾತ್ರ ಬರಲಿಲ್ಲ. ಅದು ತಮಿಳಿನಿಂದ ಕನ್ನಡಕ್ಕೆ ತಿರುಗಿ, ಅಚ್ಚಾಗಿ, ಘಾಟಿ ಹತ್ತಿ ಬರಬೇಕಿತ್ತು.

ಪಾಠ ಮಾಡುತ್ತಿದ್ದವರು ಶಿವಮಲ್ಲಪ್ಪ ಮೇಷ್ಟ್ರು. ಗೆಟ್ಟವಾಡಿಯಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದರು. ಯಾವ ಮಾತನ್ನಾದರೂ “ಅಂದ್ರೆ ಏನಪ್ಪಾ ಅಂದ್ರೆ” ಅಂತಲೇ ಶುರು ಮಾಡುವುದು, ಜಾರುವ ಕನ್ನಡಕವನ್ನು ಸೀಮೆಸುಣ್ಣ ಹಿಡಿದ ಬೆರಳಿನಿಂದಲೇ ಮೇಲಕ್ಕೆ ತಳ್ಳುವುದು. ಮಧ್ಯಾಹ್ನದ ಹೊತ್ತಿಗೆ ಅವರ ಮೂಗಿನ ಮೇಲೆ ಬಿಳಿಯ ನಾಮ ಎದ್ದಿರುತ್ತಿತ್ತು. ಆಗಸ್ಟಿನ ಒಂದು ದಿನ ಅವರು ಬರಿಗೈಯನ್ನು ನಮಗೆ ತೋರಿಸಿ ಹೇಳಿದರು:

“ಅಂದ್ರೆ ಏನಪ್ಪಾ ಅಂದ್ರೆ, ಪುಸ್ತಕ ಬರಗಂಟ ಸುಮ್ನೆ ಕುಂತಿರಕಾದದಾ? ಬನ್ನಿ, ನಾವೇ ಒಂದು ದೇಸ ಕಟ್ಟವ. ಕಟ್ತಾ ಕಟ್ತಾ ಪಾಠ ಆಯ್ತದೆ.”

“ಎಸ್ರೇನ್ ಸಾ ದೇಸುಕ್ಕೆ?” ಅಂದ ನನ್ನ ಪಕ್ಕದ ರಾಚ. ರಾಚ ಬೆಂಚಿನಲ್ಲಿ ಕೂತರೆ ಬೆಂಚಿಗೆ ಬೇರೆಯವರು ಬೇಕಿರಲಿಲ್ಲ. ಆದರೂ ನಾನು ತುದಿಯಲ್ಲಿ ನೇತಾಡುತ್ತಿದ್ದೆ.

“ನೀನೇ ಒಂದೆಸ್ರು ಏಳು.”

“ಅತ್ಲಾಗೋದ್ರೆ ಸತ್ಯಮಂಗಲ, ಇತ್ಲಾಗೋದ್ರೆ ಚಾಮರಾಜ್ನಗ್ರ. ನಾವು ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ. ಅತ್ತಿತ್ತ ಅಂತ ಮಡಗಿ ಸಾ.”

ಹಾಗೆ ಅತ್ತಿತ್ತ ಎಂಬ ಗಣರಾಜ್ಯ ಹುಟ್ಟಿತು. ರಾಷ್ಟ್ರಪ್ರಾಣಿ ಆನೆ, ಯಾಕೆಂದರೆ ಗಡಿಯನ್ನು ಕೇಳದೆ ದಾಟುವುದು ಅದೊಂದೇ. ರಾಷ್ಟ್ರಪಕ್ಷಿ ನಾನು. ರಾಷ್ಟ್ರಗೀತೆ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಸತ್ಯಮಂಗಲದ ಬಸ್ಸಿಗೆ ಜನ ಕರೆಯಲು ಕೂಗುವ “ಹಾಸನೂರು, ದಿಂಬಂ, ಸತ್ತಿ ಸತ್ತಿ ಸತ್ತಿ!” ಅದನ್ನು ನಾನು ಕಂಡಕ್ಟರ ದನಿಯಲ್ಲೇ ಹಾಡುವಾಗ ಎಲ್ಲರೂ ಎದ್ದು ನಿಲ್ಲಬೇಕು. ರಾಚ ಎದ್ದರೆ ಬೆಂಚೂ ಏಳುತ್ತಿತ್ತು.

ಸಂಸತ್ತಿಗೆ ಎರಡು ಮನೆ. ತಾರಸಿಯ ಮೇಲಿದ್ದುದರಿಂದ ನಾವೇ ಮೇಲ್ಮನೆ.

“ಕೆಳಮನೆ ಎಲ್ಲದೆ ಸಾ?” ಅಂತ ಕೇಳಿದೆ.

“ಕೆಳಗದೆ,” ಅಂದರು ಮೇಷ್ಟ್ರು.

ಅಷ್ಟೇ. ನಮಗೆ ಅದು ಚೆನ್ನಾಗಿ ಅರ್ಥವಾಯಿತು. ನಮ್ಮ ಕಡೆ ‘ಮೇಲೆ’ ಅಂದರೆ ಬೆಟ್ಟ. ‘ಕೆಳಗೆ’ ಅಂದರೆ ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿದ ಮೇಲೆ ಸಿಗುವ ಬಯಲು. ಆಫೀಸು, ಆರ್ಡರು, ಸಹಿ, ಸೀಲು ಎಲ್ಲ ಕೆಳಗಿನಿಂದಲೇ ಹತ್ತಿ ಬರಬೇಕು. ಅತ್ತಿತ್ತದಲ್ಲೂ ಹಾಗೆಯೇ. ಕೆಳಮನೆಯನ್ನು ನಾವು ಯಾರೂ ಒಂದು ದಿನವೂ ಕಾಣಲಿಲ್ಲ. ಅದರ ಮಸೂದೆಗಳು ಮಾತ್ರ ಮೇಷ್ಟ್ರ ಅಂಗಿಯ ಜೇಬಿನಲ್ಲಿ ಮಡಿಸಿಕೊಂಡು ಬರುತ್ತಿದ್ದವು. ‘ಪುಸ್ತಕ ಬಾರದವರು ಓದಿದ್ದಾರೆಂದೇ ತಿಳಿಯತಕ್ಕದ್ದು.’ ‘ಆನೆಯು ಬಾಳೆ ತಿನ್ನುವ ಮುನ್ನ ಅರ್ಜಿ ಸಲ್ಲಿಸತಕ್ಕದ್ದು.’

“ಅಂದ್ರೆ ಏನಪ್ಪಾ ಅಂದ್ರೆ,” ಅನ್ನುತ್ತಿದ್ದರು ಮೇಷ್ಟ್ರು, “ಕೆಳಮನೆ ಕಳ್ಸಿದ್ದ ಮೇಲ್ಮನೆ ಬ್ಯಾಡ ಅನ್ನಂಗಿಲ್ಲ. ತಡ ಮಾಡ್ಬೋದು. ಒಂದು ಮಳಗಾಲ.”

“ತಡ ಮಾಡಿ ಏನ್ ಸಾ ಬಂತು?” ರಾಚ ಕೇಳಿದ.

“ತಡ ಆದ್ರೆ ಕೆಲವು ಕಾನೂನು ತಾವಾಗೇ ಸತ್ತೋಯ್ತವೆ ಕಣಪ್ಪ. ಕೆಲವ್ರು ಅಷ್ಟ್ರಲ್ಲಿ ಬದುಕ್ಕತಾರೆ.”

ಮೇಲ್ಮನೆಯೆಂದರೆ ಹಿರಿಯರ ಮನೆ, ಆದ್ದರಿಂದ ಎಲ್ಲರೂ ಒಬ್ಬೊಬ್ಬ ಹಿರಿಯರಂತೆ ಮಾತಾಡಬೇಕು ಎಂದು ಅಪ್ಪಣೆಯಾಯಿತು. ನಾನು ಬಿಡುತ್ತೇನೆಯೆ? ರಾಚನ ತಾತ ದೊಡ್ಡರಾಚಪ್ಪನನ್ನೇ ಹಿಡಿದೆ. ಆ ತಾತನಿಗೆ ಕಿವಿ ಮಂದ. ಬಸ್ ಸ್ಟ್ಯಾಂಡಿನ ಟೀ ಹೋಟೆಲಿನ ಕಲ್ಲುಬೆಂಚಿನ ಮೇಲೆ ಕೂತು, ಯಾರು ಏನು ಅಂದರೂ ಅಂಗೈಯನ್ನು ಕಿವಿಗೆ ಕೊಟ್ಟು “ಆಂ?” ಅನ್ನುವನು. ಎರಡನೆಯ ಸಲವೂ “ಆಂ?” ಮೂರನೆಯ ಸಲಕ್ಕೆ ಕೇಳಿದವರಿಗೇ ಬೇಸರವಾಗಿ ಎದ್ದು ಹೋಗುವರು. ಅವನಿಗೆ ಬೇಕಾದಾಗ ಕಿವಿ ಚೆನ್ನಾಗಿಯೇ ಕೇಳುತ್ತದೆಂದು ನನ್ನ ಗುಮಾನಿ. ಟೀ ಬಂತು ಎಂದರೆ ಒಂದೇ ಸಲಕ್ಕೆ ಕೇಳಿಸುತ್ತಿತ್ತು.

ಮೊದಲ ಮಸೂದೆ ಮತಕ್ಕೆ ಬಂದಿತು. ಸಭಾಪತಿಗಳಾದ ಮೇಷ್ಟ್ರು, “ಒಪ್ಪುವವರು ಹೌದು ಎನ್ನಿ,” ಎಂದು ಗಂಭೀರವಾಗಿ ಕೇಳಿದರು. ನಾನು ಅಂಗೈಯನ್ನು ಕಿವಿಗೆ ಕೊಟ್ಟೆ.

“ಆಂ?”

ರಾಚ ನಕ್ಕು ಬೆಂಚಿನಿಂದ ಬಿದ್ದ. ಮೇಷ್ಟ್ರು ಮತ್ತೆ ಕೇಳಿದರು. ಈ ಸಲ ನಾಲ್ಕೈದು ಕೈಗಳು ಕಿವಿಗೆ ಹೋದವು. ಮೂರನೆಯ ಸಲ ಹದಿನೈದೂ ಮಂದಿ ಒಟ್ಟಿಗೆ “ಆಂ?” ಮೇಷ್ಟ್ರಿಗೆ ಸಿಟ್ಟು ಬರುತ್ತದೆಂದುಕೊಂಡೆವು. ಅವರು ಕನ್ನಡಕ ತಳ್ಳಿ, ಮೂಗಿಗೆ ನಾಮ ಎಳೆದುಕೊಂಡು, ಅತ್ತಿತ್ತದ ಸಂವಿಧಾನಕ್ಕೆ ಆ ಗಳಿಗೆಯಲ್ಲೇ ಹೊಸ ವಿಧಿಯೊಂದನ್ನು ಸೇರಿಸಿದರು: ಸಭಾಪತಿ ಮೂರು ಸಲ ಕೇಳಿಯೂ ಸದನಕ್ಕೆ ಕೇಳಿಸದೆ ಹೋದರೆ ಆ ಮಸೂದೆ ಮುಂದಿನ ಮಳೆಗಾಲಕ್ಕೆ.

ಅಲ್ಲಿಂದ ಮುಂದೆ ಒಂದೇ ಒಂದು ಮಸೂದೆಯೂ ನಮ್ಮನ್ನು ದಾಟಿ ಹೋಗಲಿಲ್ಲ. ಕೊನೆಗೆ ನಾನು ತಮಿಳು ಟಿವಿ ವಾರ್ತೆಯ ದನಿಯಲ್ಲಿ “ಅವೈ ಒತ್ತಿವೈಕ್ಕಪ್ಪಟ್ಟದು” ಎಂದು ಸಭೆ ಮುಂದೂಡುತ್ತಿದ್ದೆ. ಮನೆಯಲ್ಲಿ ಇದನ್ನು ಅಭ್ಯಾಸ ಮಾಡುವಾಗ ನಮ್ಮಜ್ಜಿ ಒಲೆಯ ಮುಂದಿನಿಂದ ಗಾಬರಿಯಲ್ಲಿ ಎದ್ದು ಬಂದಿದ್ದಳು: “ಯಾರ್ ಮನೆ ಒತ್ತೆ ಮಡಗ್ಬುಟ್ರುಲಾ ನಂಜ?”

ಇನ್ನು ಚಿಕ್ಕತಾಯಿ. ಅವಳ ವಿಚಾರವನ್ನು ಇಷ್ಟು ಹೊತ್ತು ತಡ ಮಾಡಿದ್ದೇನೆ, ಮೇಲ್ಮನೆಯವರ ಅಭ್ಯಾಸ.

ಚಿಕ್ಕತಾಯಿ ಹತ್ತನೆಯ ತರಗತಿಯ ಹುಡುಗಿ, ಕನ್ನಡ ಮಾಧ್ಯಮವೇ. ಕೊನೆಯ ಪೀರಿಯಡ್ಡು ಅವರಿಗೆ ಆಟ. ಆ ವರ್ಷ ಮಳೆ ಮೈದಾನವನ್ನು ಬಿಟ್ಟುಕೊಡಲೇ ಇಲ್ಲ. ಅವಳು ಸಂಶಯ ಕೇಳುವ ನೆಪದಲ್ಲಿ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅಕ್ಷರ ಗುಂಡಗೆ, ಜೋಳದ ಕಾಳು ಜೋಡಿಸಿದ ಹಾಗೆ. ಮೇಷ್ಟ್ರು ಅವಳನ್ನು ಸದನದ ಕಾರ್ಯದರ್ಶಿ ಮಾಡಿದರು. ನೀಲಿ ರಟ್ಟಿನ ಉದ್ದ ನೋಟುಬುಕ್ಕಿನಲ್ಲಿ ಅವಳು ಎಲ್ಲವನ್ನೂ ಬರೆಯುತ್ತಿದ್ದಳು: ‘ಸಭಾಪತಿಗಳು ಕೇಳಿದರು. ಸದನ: ಆಂ? ಸಭಾಪತಿಗಳು ಮತ್ತೆ ಕೇಳಿದರು. ಸದನ: ಆಂ?’ ಮೂರಾದ ಮೇಲೆ ಕೆಳಗೊಂದು ಗೆರೆ ಎಳೆದು, ‘ಸದನಕ್ಕೆ ಕೇಳಿಸಲಿಲ್ಲ.’

“ಎಲ್ರ ಮಾತೂ ಬರೀತೀಯಲ್ಲ, ನನ್ ಬಗ್ಗೆ ಏನಾರ ಒಳ್ಳೇದು ಬರಿ,” ಅಂದೆ ಒಂದು ದಿನ.

“ನೀನು ನಿನ್ ದನೀಲಿ ಒಂದ್ ಮಾತಾಡು ನಂಜಣ್ಣ, ಬರ್ಕತೀನಿ.”

ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೈವಾರದ ಮೊನೆಯಿಂದ ‘ಚಿ’ ಎಂದು ಗೀಚಿಟ್ಟಿದ್ದಳು. “ಮುಂದ್ಲೊರ್ಸ ನೀವ್ ಒಂಟೋದ್ಮೇಲೆ ಇದು ನಂದು. ರಾಚಣ್ಣಂಗೆ ಇದ್ರ ಮೇಲೆ ಕುಂತ್ಕಬ್ಯಾಡ ಅಂತ ಏಳು. ನಾನ್ ಬರಗಂಟ ಕಾಲು ಗಟ್ಟಿಯಾಗಿರ್ಬೇಕು.” ಅವಳ ಅಪ್ಪ ಮಾದಪ್ಪ ಕೋಸು ಬೆಳೆಯುವವನು, ಮಾತು ಕಡಿಮೆ. ಮಗಳಿಗೆ ಅವನು ಹೇಳಿದ್ದು ಇಷ್ಟೆ: ತಾಳವಾಡೀಲಿದ್ರೆ ಓದು, ಅದ್ರಿಂದಾಚ್ಗೆ ಇಲ್ಲ. ಇತ್ತ ಚಾಮರಾಜನಗರಕ್ಕೆ ಹೋದರೆ ಸಂಜೆಯ ಬಸ್ಸು ತಪ್ಪಿದ ದಿನ ದಾರಿಯಲ್ಲಿ ನಮ್ಮ ರಾಷ್ಟ್ರಪ್ರಾಣಿ ನಿಂತಿರುತ್ತದೆ. ಶಾಲೆಯಲ್ಲೇ ತಮಿಳು ಮಾಧ್ಯಮಕ್ಕೆ ಸೇರೋಣವೆಂದರೆ, ನಮ್ಮ ತಮಿಳೆಲ್ಲ ಬಾಯಿಯದು, ಸಂತೆಯದು. ಲೆಕ್ಕ, ವಿಜ್ಞಾನ ಕನ್ನಡದಲ್ಲೇ ಕಲಿತವಳು ಹದಿನಾರಕ್ಕೆ ಮತ್ತೆ ಅಕ್ಷರದಿಂದ ಶುರು ಮಾಡಬೇಕು. ಹಾಗಾಗಿ ಚಿಕ್ಕತಾಯಿಗೆ ಮುಂದಿನ ಓದು ಅಂದರೆ ಈ ತಗಡಿನ ಕೋಣೆ, ಈ ಕಿಟಕಿ, ಈ ಬೆಂಚು.

ದೀಪಾವಳಿ ಕಳೆದ ಮೇಲೆ ಕೆಳಗಿನಿಂದ ಸುದ್ದಿ ಹತ್ತಿ ಬಂತು. ಬರುವ ಜೂನಿನಿಂದ ಪ್ಲಸ್ ಒನ್ನಿಗೂ ಪ್ಲಸ್ ಟೂಗೂ ಕನ್ನಡ ಮಾಧ್ಯಮ ಬೇರೆ ಬೇಡ, ತಮಿಳು ಮಾಧ್ಯಮದ ಜೊತೆ ಸೇರಿಸಿಬಿಡುವುದೆಂಬ ಯೋಚನೆಯಿದೆಯಂತೆ. ಒಬ್ಬ ಅಧಿಕಾರಿ ಬಂದು ಮಕ್ಕಳನ್ನೇ ಕೇಳಿ ಬರೆದುಕೊಂಡು ಹೋಗುತ್ತಾರಂತೆ.

ಮೇಷ್ಟ್ರ ಜೇಬಿನಿಂದ ಮಸೂದೆ ಬರುವುದು ನಿಂತಿತು. ಅವರ ಮೂಗಿನ ಮೇಲೆ ನಾಮ ಕಾಣದ ದಿನಗಳು ಬಂದವು.

“ಕೇಳ್ತಾರೆ. ಏಳಿ. ಬಾಯ್ಬುಟ್ಟು ಏಳಿ,” ಅಂದರು.

“ಏನಂತ ಏಳ್ಬೇಕು ಸಾ?” ಅಂದ ರಾಚ.

“ಅದ್ನ ನಾನ್ ಏಳ್ಕೊಡಂಗಿಲ್ಲ ಕಣಪ್ಪ. ಏಳ್ಕೊಟ್ರೆ ಅದು ನಿಮ್ ಮಾತಾಗಲ್ಲ, ನನ್ ಮಾತಾಯ್ತದೆ.”

ಅಷ್ಟು ಪ್ರಾಮಾಣಿಕ ಮನುಷ್ಯ. ಆ ಪ್ರಾಮಾಣಿಕತೆಯನ್ನು ನೆನೆದರೆ ಇವತ್ತಿಗೂ ನನಗೆ ಅವರ ಮೇಲೆಯೇ ಸಿಟ್ಟು ಬರುತ್ತದೆ. ನನ್ನ ಮೇಲೆ ಬರಬೇಕಾದ್ದನ್ನು ಎಲ್ಲಾದರೂ ಇಳಿಸಬೇಕಲ್ಲ.

ಅಧಿಕಾರಿ ಬಂದದ್ದು ಒಂದು ಶುಕ್ರವಾರ, ಕೊನೆಯ ಪೀರಿಯಡ್ಡಿಗೆ. ಆ ದಿನದ ಮಳೆ ಮೇಲಿನಿಂದ ಬಿದ್ದಂತಿರಲಿಲ್ಲ. ಯಾರೋ ತಗಡಿನ ಮೇಲೆ ಕೂತು ಜಲ್ಲಿ ಸುರಿಯುತ್ತಿದ್ದಂತಿತ್ತು. ಒಳಗೆ ಪಕ್ಕದವನ ಮಾತು ಪಕ್ಕದವನಿಗೆ ಕೇಳುತ್ತಿರಲಿಲ್ಲ. ಅವರು ಕೊಡೆ ಮಡಿಸಿ ಬಾಗಿಲಲ್ಲಿ ನಿಂತರು. ಕೆಟ್ಟ ಮನುಷ್ಯನಂತೆ ಕಾಣಲಿಲ್ಲ. ಪ್ಯಾಂಟು ಮೊಣಕಾಲವರೆಗೆ ನೆನೆದಿತ್ತು. ದನಿ ಮೆತ್ತಗೆ, ಬಾಯಲ್ಲಿ ಹತ್ತಿ ಇಟ್ಟುಕೊಂಡಂತೆ. ಮಾತಿಗೆ ಮೊದಲು ಎರಡು ಸಲ ಕೆಮ್ಮುವರು. ನನ್ನ ಗಂಟಲು ಆಗಲೇ ಅದನ್ನು ಕದ್ದಿಟ್ಟುಕೊಂಡಿತು. ಮತ್ತೆ ಮತ್ತೆ ಗಡಿಯಾರ ನೋಡಿಕೊಳ್ಳುತ್ತಿದ್ದರು. ಕತ್ತಲಾಗುವ ಮೊದಲು, ಮಂಜು ಮುಚ್ಚುವ ಮೊದಲು ಘಾಟಿ ಇಳಿಯಬೇಕಿತ್ತು ಅವರಿಗೆ. ಮೇಷ್ಟ್ರನ್ನು ಹಾಜರಿ ಪುಸ್ತಕ ತರಲು ಕೆಳಗೆ ಕಳಿಸಿದರು. ಮೇಷ್ಟ್ರು ಮಳೆಯಲ್ಲೇ ಮೆಟ್ಟಿಲಿಳಿದು ಓಡಿದರು.

ಅಧಿಕಾರಿ ಎರಡು ಸಲ ಕೆಮ್ಮಿ, ಕಾಗದ ನೋಡಿಕೊಂಡು, ಗ್ರಂಥದ ತಮಿಳಿನಲ್ಲಿ ಕೇಳಿದರು. ತಮಿಳು ಮಾಧ್ಯಮದೊಂದಿಗೆ ಸೇರಿಸುವುದಕ್ಕೆ ನಿಮ್ಮ ಒಪ್ಪಿಗೆಯೇ? “ಸಮ್ಮದಮಾ?”

ಸುಳ್ಳು ಹೇಳುವುದಿಲ್ಲ. ನನಗೆ ಕೇಳಿಸಿತು. ಮಳೆಯ ನಡುವೆಯೂ ‘ಸಮ್ಮದಮಾ’ ಎಂಬ ಮಾತು ನನ್ನ ಕಿವಿಗೆ ಬಿತ್ತು. ‘ಇಲ್ಲೈ’ ಅನ್ನಬಹುದಿತ್ತು. ಎರಡಕ್ಷರ. ಊರವರ ದನಿಗಳನ್ನೆಲ್ಲ ಇಟ್ಟುಕೊಂಡವನಿಗೆ ಅದೇನು ಭಾರವೆ? ಆದರೆ ಅತ್ತಿತ್ತದಲ್ಲಿ ಬೇಡ ಅನ್ನುವಂತಿಲ್ಲ, ತಡ ಮಾಡಬಹುದು. ನಾಲ್ಕು ತಿಂಗಳಿನಿಂದ ಒಂದೂ ಮಸೂದೆಯನ್ನು ಬಿಡದ ಉಪಾಯ ನನ್ನ ಅಂಗೈಯಲ್ಲೇ ಇತ್ತು. ಅದರ ಜೊತೆಗೆ ಇನ್ನೊಂದು ಆಸೆಯೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ: ಹದಿನಾಲ್ಕು ಮಂದಿ ನನ್ನ ಕಡೆಗೇ ತಿರುಗಿದ್ದರು, ನಗಲು ಕಾಯುತ್ತ.

ಅಂಗೈಯನ್ನು ಕಿವಿಗೆ ಕೊಟ್ಟೆ. “ಆಂ?”

ಅವರು ಸ್ವಲ್ಪ ಗಟ್ಟಿಯಾಗಿ ಕೇಳಿದರು. ನನ್ನ ಹಿಂದೆ ಐದಾರು ಮಂದಿ, “ಆಂ?”

ಅವರು ಮೂರನೆಯ ಸಲ, ಗಡಿಯಾರ ನೋಡುತ್ತಲೇ ಕೇಳಿದರು. ಹದಿನೈದೂ ಮಂದಿ, ಕಿವಿಗೆ ಕೈ ಕೊಟ್ಟು, ತಗಡು ಹಾರುವಂತೆ, “ಆಂ?”

ಅಧಿಕಾರಿಯ ಮುಖ ಅರಳಿತು. ನಮ್ಮ ಹಿಂದಿನ ಗೋಡೆಯನ್ನೊಮ್ಮೆ, ಕಾಗದವನ್ನೊಮ್ಮೆ ನೋಡಿ, ಪೆನ್ನಿನ ಮುಚ್ಚಳ ತೆಗೆದರು.

ಸಂತೆಯಲ್ಲಿ ನಾವು ಕೇಳುವ, ಆಡುವ ತಮಿಳಿನ ಹೌದು ‘ಆಮಾ’. ಅದು ಹಸುಳೆಗೂ ಗೊತ್ತು. ಗ್ರಂಥದ ತಮಿಳಿನ ಹೌದು, ಸಭೆಯಲ್ಲಿ ಮತ ಹಾಕುವ ಹೌದು, ‘ಆಮ್’. ಅದು ನನಗೂ ಗೊತ್ತಿತ್ತು. ಅದೇ ವಾರ್ತೆಯವರ ದನಿಯಲ್ಲಿ ಎಷ್ಟೋ ಸಲ ಆಡಿದ್ದೆ. ಆಡಿದ್ದೆ, ಕೇಳಿಸಿಕೊಂಡಿರಲಿಲ್ಲ. ಗಿಳಿ ಅಂತ ಸುಮ್ಮನೆ ಕರೆಯುತ್ತಾರೆಯೆ?

ಬಾಗಿಲ ಪಕ್ಕ ನೋಟುಬುಕ್ಕು ಹಿಡಿದು ಕೂತಿದ್ದ ಚಿಕ್ಕತಾಯಿಗೆ ಮಾತ್ರ ಅದು ಹೊಳೆಯಿತು. ಧಡಕ್ಕನೆ ಎದ್ದು ನಿಂತಳು. “ಇಲ್ಲೈ ಸಾ! ಅವ್ರು ಅಂಗಂದಿದ್ದಲ್ಲ ಸಾ!” ಎಂದು ಕೂಗಿದಳು. ಅವಳ ದನಿ ಮೊದಲೇ ಸಣ್ಣದು. ಮಳೆ ಅದನ್ನು ನುಂಗಿತು. ಅವರು ಬಗ್ಗಿ ಕಿವಿ ಕೊಟ್ಟರು. ಮರ್ಯಾದೆಯಿಂದಲೇ ಕೇಳಿದರು: “ಎಂದ ವಗುಪ್ಪು ಮಾ?” ಯಾವ ಕ್ಲಾಸಮ್ಮ?

“ಪತ್ತಾಂ ವಗುಪ್ಪು.” ಹತ್ತನೆಯದು.

ಅವರು ನಕ್ಕು ಅವಳ ತಲೆ ಸವರಿದರು. ಕೇಳಬೇಕಾದದ್ದು ಈ ತರಗತಿಯವರನ್ನು. ಹತ್ತನೆಯವಳ ಮಾತಿಗೆ ಕಾಗದದಲ್ಲಿ ಜಾಗವಿರಲಿಲ್ಲ.

ಮೇಷ್ಟ್ರು ಹಾಜರಿ ಪುಸ್ತಕವನ್ನು ಅಂಗಿಯೊಳಗೆ ಅವುಚಿಕೊಂಡು ಏದುತ್ತ ಮೇಲೆ ಬಂದಾಗ ಅಧಿಕಾರಿ ಕಾಗದ ಮಡಿಸಿ ಆಗಿತ್ತು. ಒಳ್ಳೆಯ ಮಕ್ಕಳು, ಎಲ್ಲರೂ ಒಟ್ಟಾಗಿ ಒಪ್ಪಿದರು, ಎಂದು ಹೇಳಿ ಕೊಡೆ ಬಿಚ್ಚಿದರು. ಮೇಷ್ಟ್ರು ನಮ್ಮ ಕಡೆ ನೋಡಿದರು. ಅರ್ಧದಷ್ಟು ಮಂದಿಯ ಕೈ ಇನ್ನೂ ಕಿವಿಯಲ್ಲೇ ಇತ್ತು.

ಮೇಷ್ಟ್ರು ಸುಮ್ಮನೆ ಕೂರಲಿಲ್ಲ. ಅಹವಾಲು ಬರೆದರು. ಚಿಕ್ಕತಾಯಿಯ ನೋಟುಬುಕ್ಕನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ರಜೆ ಹಾಕಿ, ಬಸ್ಸು ಹತ್ತಿ ಕೆಳಗೆ ಹೋದರು. ಆ ದಿನದ ಪುಟದಲ್ಲಿ ಅವಳು ಎಂದಿನಂತೆಯೇ ಬರೆದಿದ್ದಳು. ‘ಆಂ?’ ಮೂರು ಸಲ. ಮೂರಕ್ಕೂ ಪ್ರಶ್ನೆಚಿಹ್ನೆ. ‘ಸದನಕ್ಕೆ ಕೇಳಿಸಲಿಲ್ಲ.’ ಕೆಳಗಿನವರ ಕಾಗದದಲ್ಲಿ ಪ್ರಶ್ನೆಚಿಹ್ನೆ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಅಷ್ಟೇ, ಒಂದು ಕೊಕ್ಕೆ, ಒಂದು ಚುಕ್ಕೆ.

ಮಾರನೆಯ ದಿನ ಮೇಷ್ಟ್ರು ಬಂದು ನಗುತ್ತಲೇ ಹೇಳಿದರು. ಅಲ್ಲಿ ಕೂತವರು ನೋಟುಬುಕ್ಕಿನ ಪುಟ ತಿರುವಿ, ಮೊದಲ ಪುಟದಲ್ಲಿ ಗುಂಡಗೆ ಬರೆದಿದ್ದ ಹೆಸರನ್ನು ಯಾರಿಂದಲೋ ಓದಿಸಿಕೊಂಡು ಕೇಳಿದರಂತೆ: ಈ ಅತ್ತಿತ್ತ ಯಾವ ತಾಲೂಕು?

“ನೀವೇನಂದ್ರಿ ಸಾ?” ಅಂತ ಕೇಳಿದೆ.

“ಏನನ್ನದಪ್ಪ. ಇಲ್ಲದ ದೇಸದ ಸಾಕ್ಷಿ ತಕ್ಕಂಡೋಗಿದ್ದೆ.”

ನನ್ನ ತಲೆಗೆ ಆಗಲೂ ಒಂದೇ ದಾರಿ ಗೊತ್ತಿದ್ದದ್ದು. ಗುಟ್ಟಾಗಿ ಹೇಳಿದೆ: “ಸಾ, ಆ ಅಧಿಕಾರಿ ದನಿ ನಂಗೆ ಬತ್ತದೆ. ಎರಡು ಕೆಮ್ಮು, ಆಮೇಲೆ ಬಾಯ್ತುಂಬ ಅತ್ತಿ. ಆಫೀಸಿಗೆ ಫೋನ್ ಮಾಡಿ, ಮಕ್ಳು ಒಪ್ಲಿಲ್ಲ, ತಪ್ಪಾಗಿ ಬರ್ಕಬುಟ್ಟೆ ಅಂತ ಏಳ್ಬುಡ್ಲಾ?”

“ನಿನ್ ಗಂಟ್ಲಿಂದ ಆಗಿರದು ಸಾಕು ಕಣಪ್ಪ,” ಅಂದರು ಮೇಷ್ಟ್ರು. ಅವರು ನನಗೆ ಆಡಿದ ಗಡುಸು ಮಾತು ಅದೊಂದೇ. ಮರುಗಳಿಗೆಯೇ ಹೆಗಲ ಮೇಲೆ ಕೈಯಿಟ್ಟು, “ಬುಡು. ನೀವ್ ಬ್ಯಾಡ ಅಂದಿದ್ರೂವೆ ಮುಚ್ಚತಿದ್ರೋ ಏನೋ,” ಅಂದರು. ಮೊದಲನೆಯ ಮಾತು ಆಗಾಗ ಮರೆಯುತ್ತದೆ. ಎರಡನೆಯದು ಮರೆಯುವುದಿಲ್ಲ. ಮುಚ್ಚುತ್ತಿದ್ದರೋ ಏನೋ. ಆ ‘ಏನೋ’ ಇದೆಯಲ್ಲ, ಅದರೊಳಗೆ ಚಿಕ್ಕತಾಯಿ ಕೂತಿದ್ದಾಳೆ.

ಜನ ನನ್ನನ್ನು ಬೈದಿದ್ದರೆ ಸಲೀಸಾಗುತ್ತಿತ್ತು. ಬೈಯಲಿಲ್ಲ, ನಕ್ಕರು. ಆಂ ಅಂದ ಮೇಲ್ಮನೆ ಅಂತ ಟೀ ಹೋಟೆಲಿನಲ್ಲಿ ಕತೆ ಹಬ್ಬಿತು. ದೊಡ್ಡರಾಚಪ್ಪ ತಾತನೇ ನನ್ನನ್ನು ಕರೆದು, “ನನ್ನಂಗೇ ಅಂದ್ಯಂತಲ್ಲಾ, ಏನಂದೆ, ಅನ್ನು ನೋಡವ,” ಅಂದ. ನನಗೆ ದನಿ ಹೊರಡಲಿಲ್ಲ. “ಆಂ?” ಅಂದ ತಾತ.

ಫೆಬ್ರುವರಿಯಲ್ಲಿ, ಪರೀಕ್ಷೆಗೆ ಓದುವುದನ್ನು ಬಿಟ್ಟು, ಮಾದಪ್ಪನ ಹೊಲಕ್ಕೆ ಹೋದೆ. ಅವನು ಬೆನ್ನಿಗೆ ಔಷಧಿ ಹೊಡೆಯುವ ಯಂತ್ರ ಕಟ್ಟಿಕೊಂಡು ಕೋಸಿನ ಸಾಲಿನಲ್ಲಿ ನಡೆಯುತ್ತಿದ್ದ. ಯಂತ್ರ ಗುರ್ರೆನ್ನುತ್ತಿತ್ತು. ನಾನು ಪಕ್ಕದ ಸಾಲಿನಲ್ಲಿ ಅವನ ಸಮಕ್ಕೆ ಹೆಜ್ಜೆ ಹಾಕುತ್ತ, ಚಿಕ್ಕತಾಯಿಯನ್ನು ಚಾಮರಾಜನಗರಕ್ಕಾದರೂ ಕಳಿಸಬೇಕೆಂದು ಕೂಗಿ ಹೇಳಿದೆ.

“ನಿಮ್ ಕ್ಲಾಸು ನಿಮ್ಗೇ ಬ್ಯಾಡಾಯ್ತಂತಲ್ಲಪ್ಪ,” ಅಂದ ಅವನು, ಸಿಟ್ಟಿಲ್ಲದೆ. “ಎಲ್ರೂ ಔದು ಅಂದ್ಬುಟ್ರಂತೆ.”

“ಇಲ್ಲ ಮಾವ, ನಾವು ಔದು ಅಂದಿದ್ದಲ್ಲ. ಆಂ ಅಂದಿದ್ದು!”

ಮಾದಪ್ಪ ಯಂತ್ರದ ಸದ್ದಿನಲ್ಲಿ ಕತ್ತು ನನ್ನ ಕಡೆ ಬಗ್ಗಿಸಿದ. “ಆಂ?”

ಅವನಿಗೆ ನಿಜವಾಗಿಯೂ ಕೇಳಿಸಿರಲಿಲ್ಲ. ನಾನು ಮತ್ತೊಮ್ಮೆ ಹೇಳದೆ ಬದುವಿನ ಮೇಲೆ ಹತ್ತಿ ಬಂದುಬಿಟ್ಟೆ.

ಮಾರ್ಚಿನಲ್ಲಿ ಪರೀಕ್ಷೆ ಬರೆದೆವು. ರಾಜ್ಯಶಾಸ್ತ್ರದಲ್ಲಿ ಮೇಲ್ಮನೆಯ ಅಧಿಕಾರಗಳ ಮೇಲೆಯೇ ಪ್ರಶ್ನೆ ಬಂದಿತ್ತು. ಒಂದೂವರೆ ಪುಟ ಬರೆದೆ. ಪೂರ್ತಿ ಅಂಕ ಬಂದಿರಬೇಕು, ಇಲಿಯನ್ನು ಕೇಳಬೇಕು. ಜೂನಿನಲ್ಲಿ ಮೇಷ್ಟ್ರಿಗೆ ಕೆಳಗಿನ ಒಂದು ಶಾಲೆಗೆ ವರ್ಗವಾಯಿತು. ಬಸ್ ಸ್ಟ್ಯಾಂಡಿಗೆ ನಾನು, ರಾಚ ಹೋಗಿದ್ದೆವು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ, “ಹಾಸನೂರು, ದಿಂಬಂ, ಸತ್ತಿ ಸತ್ತಿ ಸತ್ತಿ!” ಎಂದು ಕೂಗಿದ. ರಾಚ ಚಪ್ಪಲಿ ಜೋಡಿಸಿ ನೆಟ್ಟಗೆ ನಿಂತ. ಕಿಟಕಿಯ ಒಳಗೆ ಮೇಷ್ಟ್ರೂ ಸೀಟಿನಿಂದ ಎದ್ದರು. ಬಸ್ಸು ಹೊರಟ ರಭಸಕ್ಕೆ ಮತ್ತೆ ಕೂತರು.

ಚಿಕ್ಕತಾಯಿ ತಮಿಳು ಮಾಧ್ಯಮದಲ್ಲಿ ಎರಡು ತಿಂಗಳು ಕೂತಳು. ಕೊನೆಯ ಬೆಂಚಿನಲ್ಲಿ ಕೂತು ಬೋರ್ಡಿನ ಮೇಲಿದ್ದುದನ್ನು ಚಿತ್ರ ಬಿಡಿಸಿದ ಹಾಗೆ ಒಂದೊಂದೇ ಗೆರೆಯಾಗಿ ಬಿಡಿಸಿಕೊಳ್ಳುತ್ತಿದ್ದಳಂತೆ. ಗುಂಡಗೇ ಇರುತ್ತಿತ್ತಂತೆ. ಓದಲು ಮಾತ್ರ ಬರುತ್ತಿರಲಿಲ್ಲ. ಆಗಸ್ಟಿನಲ್ಲಿ ಬಿಟ್ಟಳು.

ಮೊನ್ನೆ ಆ ಸಂದಿಯಿಂದ ಕಣ್ಣು ಹಾಯಿಸಿದಾಗ ಬೆಂಚುಗಳ ರಾಶಿಯಲ್ಲಿ ಒಂದು ತಲೆಕೆಳಗಾಗಿ ಬಿದ್ದಿತ್ತು. ಹಲಗೆಯ ಅಂಚಿನಲ್ಲಿ ‘ಚಿ’. ನಾಲ್ಕೂ ಕಾಲು ಗಟ್ಟಿಯಾಗಿಯೇ ಇದ್ದವು.

ನಕಲು ಪ್ರತಿ ತೆಗೆದುಕೊಂಡು ಹೊರಗೆ ಬಂದೆ. ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಕೋಸು ತುಂಬುವ ಜಾಗ. ಲಾರಿಯ ಪಕ್ಕ ಹೆಂಗಸರು ಸಾಲಾಗಿ ಕೂತು ಹೊರಗಿನ ಎಲೆ ಸವರುತ್ತಿದ್ದರು. ತಲೆಗೆ ಗೋಣಿ ಹೊದ್ದ ಒಬ್ಬಳು ಚಾಕು ಎತ್ತಿ ಕರೆದಳು.

“ಏನ್ ನಂಜಣ್ಣ, ಇತ್ಲಾಗ್ ಬಂದ್ಬುಟ್ಟಿದ್ದೀಯ? ಯಾರ್ ದನಿ ಕದಿಯಕ್ಕೆ?”

ಚಿಕ್ಕತಾಯಿ. ನಗು ಹಾಗೆಯೇ ಇತ್ತು.

“ನಿಂದೊಂದು ಸಿಕ್ಕಿಲ್ಲ ಇನ್ನೂವೆ,” ಅಂದೆ.

“ನಂದು ನಿಂಗ್ ಬರಲ್ಲ ಬುಡು. ಮೇಷ್ಟ್ರುದು ಮಾಡು ನೋಡವ, ಎಷ್ಟ್ ದಿನ ಆಯ್ತು.”

ಮಾಡಿದೆ. “ಅಂದ್ರೆ ಏನಪ್ಪಾ ಅಂದ್ರೆ,” ಎಂದು ಇಲ್ಲದ ಕನ್ನಡಕವನ್ನು ಮೇಲಕ್ಕೆ ತಳ್ಳಿದೆ. ಪಕ್ಕದ ಹೆಂಗಸರು ನಕ್ಕರು. ಅವಳೂ ನಕ್ಕಳು, ಆಮೇಲೆ ನಗು ನಿಲ್ಲಿಸಿ ಕೈಯಲ್ಲಿದ್ದ ಕೋಸನ್ನು ತಿರುಗಿಸುತ್ತ ಕೂತಳು. ಮಳೆ ಹನಿಯಲು ಶುರುವಾಯಿತು. ಲಾರಿಯವನು ಎಂಜಿನ್ ಚಾಲೂ ಮಾಡಿದ.

“ನಂಜಣ್ಣ,” ಅಂದಳು ತಲೆಯೆತ್ತದೆ. “ಅವತ್ತು ನಿಂಗೆ ಕೇಳುಸ್ತಲ್ವಾ? ಇಲ್ಲ ಅಂತ ಯಾಕನ್ನಿಲ್ಲ?”

ಎಂಜಿನ್ನಿನ ಸದ್ದಿತ್ತು, ಮಳೆಯಿತ್ತು. ಆದರೂ ಪ್ರತಿ ಅಕ್ಷರವೂ ಕೇಳಿಸಿತು. ನನ್ನದೇ ದನಿಯಲ್ಲಿ ಹೇಳಬೇಕಾದ ಮಾತೊಂದು ಹೊಟ್ಟೆಯಿಂದ ಹೊರಟು ಗಂಟಲವರೆಗೆ ಬಂತು. ಅಲ್ಲಿ ಅದಕ್ಕೆ ಜಾಗವಿರಲಿಲ್ಲ. ನನ್ನ ಕೈ ತಾನಾಗಿ ಕಿವಿಗೆ ಹೋಯಿತು.

“ಆಂ?” ಅಂದೆ.

ಅವಳು ಈ ಸಲ ನನ್ನನ್ನೇ ನೋಡಿಕೊಂಡು, ಅದೇ ಪ್ರಶ್ನೆಯನ್ನು, ಇನ್ನೂ ಗಟ್ಟಿಯಾಗಿ ಕೇಳಿದಳು. ನನ್ನ ಕೈ ಕಿವಿಯಲ್ಲೇ ಇತ್ತು.

“ಆಂ?”

ಮೂರನೆಯ ಸಲ ಅವಳು ಕೇಳಲಿಲ್ಲ. ಗೋಣಿಯನ್ನು ಹಣೆಯ ಮೇಲಕ್ಕೆ ಎಳೆದುಕೊಂಡು, ಇನ್ನೊಂದು ಕೋಸಿಗೆ ಕೈ ಹಾಕಿದಳು.